ಆರೋ ಏಳೋ

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು.
ಸಂಜೆಯ ಲೆಕ್ಕದಲ್ಲಿ ನಾಲ್ಕಾಣೆ ಹೆಚ್ಚು ಬಂದರೂ
ಹುಡುಕದೆ ಮನೆಗೆ ಹೋದವನಲ್ಲ.
ಅದಕ್ಕೇ ಗೆಳೆಯರು ಸ್ಕೋರ್ ಕಾರ್ಡು, ಮೊಂಡು ಪೆನ್ಸಿಲು
ನನ್ನ ಕೈಗೇ ತುರುಕುತ್ತಾರೆ.
ಯತಿರಾಜ ಬರೆದರೆ ಬರೆದಂತೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ
ಹೈಗ್ರೌಂಡ್ಸಿನ ಎತ್ತರದ ಬಲೆಯೊಳಗೆ ನಾವು ಹನ್ನೊಂದು ಜನ.
ಬಲೆಯಾಚೆ ಮೆಜೆಸ್ಟಿಕ್ಕಿನ ಬಸ್ಸು ಕೆಮ್ಮುತ್ತದೆ,
ಈಚೆ ಇಬ್ಬನಿಗೆ ಕಾಲುಚೀಲ ತೊಪ್ಪೆ.
ಹಲ್ಲಿನ ಡಾಕ್ಟರು ಪೂವಯ್ಯ,
ಚಿಕ್ಕಪೇಟೆಯ ಜರಿ ವ್ಯಾಪಾರಿ ತಾಜುದ್ದೀನ್,
ನಾಲ್ಕು ಸಲ ಗೆದ್ದು ಐದನೆಯದಕ್ಕೆ
ಹೊಸ ಕೈಗವಸು ತೊಟ್ಟು ಬಂದ ಅಲೋಶಿಯಸ್,
ಮತ್ತೆ ಸಂಪಂಗಿ. ಟೈಲ್ಸ್ ಅಂಗಡಿ ಸಂಪಂಗಿ.

ನಮ್ಮ ಕಪ್ಪು ಕಪ್ಪಲ್ಲ, ಹಿತ್ತಾಳೆ ತಂಬಿಗೆ.
ಹತ್ತೊಂಬತ್ತು ವರ್ಷದ ಹಿಂದೆ ಕೊಂಡವನು ಸಂಪಂಗಿ,
ಪ್ರತಿ ವರ್ಷ ಗೆದ್ದವನ ಹೆಸರು ಕೆತ್ತಿಸಲು
ನಗರ್ತಪೇಟೆಗೆ ಒಯ್ಯುವವನು ಸಂಪಂಗಿ,
ಹುಣಸೆಹಣ್ಣು ತಿಕ್ಕಿ ಬೆಳಗುವವನೂ.
ತಂಬಿಗೆಯ ಹೊಟ್ಟೆಯ ಸುತ್ತ ನಮ್ಮೆಲ್ಲರ ಹೆಸರಿದೆ,
ನನ್ನದೂ ಇದೆ, ಮಂಜಿನಲ್ಲಿ ಯಾರಿಗೂ ಏನೂ ಕಾಣದ ವರ್ಷದ್ದು.
ಅವನದಿಲ್ಲ.

ಆರಕ್ಕೇರದ, ಮೂರಕ್ಕಿಳಿಯದ ಎನ್ನುತ್ತಾರಲ್ಲ,
ಸಂಪಂಗಿ ಮೂರಕ್ಕಿಳಿದದ್ದು ನಾನು ಕಾಣೆ;
ಆರಕ್ಕೆ ಮಾತ್ರ ಗುಳಿಗುಳಿಗೂ ಏರಿದ್ದಾನೆ,
ಏರಿದವನು ಸೋಲುವ ಆಟ ಇದು.

ಈ ಸಲ ಏನಾಯಿತೋ. ಚೆಂಡು ಅವನ ಮಾತು ಕೇಳಿತು.
ಮಳೆಮರಕ್ಕೆ ಬಡಿದದ್ದು ಹುಲ್ಲಿಗೇ ಮರಳಿತು,
ನೀರಿಗೆ ಹೊರಟದ್ದು ದಡದ ಕಲ್ಲಿಗೆ ತಾಗಿ
ಬುದ್ಧಿ ಬಂದಂತೆ ಹಿಂದಕ್ಕೆ ನೆಗೆಯಿತು.
ಖಾರಾಬಾತಿನ ಹೊತ್ತಿಗೆ ಗುಸುಗುಸು ಎದ್ದಿತ್ತು.
ತಾಜುದ್ದೀನ್ ಬಿಸ್ಮಿಲ್ಲಾ ಅಂದದ್ದು ಬಾತಿಗೋ ಗೆಳೆಯನಿಗೋ.

ಹದಿನೇಳನೇ ಗುಳಿ. ಮರಳ ಹೊಂಡ.
ಹೊಂಡದೊಳಗೆ ಸಂಪಂಗಿ, ಹೊರಗೆ ಅವನ ಟೋಪಿಯ ತುದಿ.
ಮರಳು ಹಾರಿತು.
ಮತ್ತೆ ಮರಳು ಹಾರಿತು, ಈಗ ಚೆಂಡೂ ಜೊತೆಗೆ.
ಅಲೋಶಿಯಸ್ ಆಚೆ ತಿರುಗಿ ಮೂಗು ಒರೆಸುತ್ತಿದ್ದ.
ಹದ್ದೊಂದು ಮೇಲೆ ಸುತ್ತುತ್ತಿತ್ತು, ಅದಕ್ಕೆ ಗಣಿತ ಬಾರದು.
ಒಳಗೆ ತಳ್ಳಿ, ಬೆವರು ಒರೆಸಿ, ಸಂಪಂಗಿ ಹೇಳಿದ:
"ಆರು."

ಮರೆತನೋ, ಮರೆಸಿದನೋ. ಪೆನ್ಸಿಲು ನಿಂತಿತು.
ಆರಾದರೆ ಒಂದರಲ್ಲಿ ಅವನು ಮುಂದೆ.
ಚೀಲ ಹೊತ್ತ ಕ್ಯಾಡಿಯನ್ನು ಮೆಲ್ಲಗೆ ಕೇಳಿದೆ, ಎಷ್ಟಪ್ಪ?
ಅವನು ಹುಲ್ಲು ನೋಡುತ್ತ ಅಂದ:
"ನನ್ನ ಹೆಸರು ಏಳುಮಲೈ ಸಾರ್.
ಕೇಳಿದರೆ ಹೆಸರು ಹೇಳ್ತೀನಿ, ಅಷ್ಟೇ."

ಮೂವತ್ತಾರು ವರ್ಷ.
ನಾಲ್ಕಾಣೆಗೆ ರಾತ್ರಿ ಒಂಬತ್ತರವರೆಗೆ ಕೂತವನು.
ನನ್ನ ಕೈ ಅದರ ಪಾಡಿಗೆ ಅದು
ಆರು ಬರೆಯಿತು, ಚೆಂದಕ್ಕೆ, ದುಂಡಗೆ,
ಲೆಡ್ಜರಿನಲ್ಲಿ ಬರೆಯುವ ಹಾಗೆ.

ತಂಬಿಗೆ ತುಂಬ ನಿಂಬೆ ಪಾನಕ.
ಎತ್ತಿ ಕುಡಿದ, ಅಂಗಿಯ ಮೇಲೆಲ್ಲ ಸುರಿದುಕೊಂಡ,
ಪೂವಯ್ಯ ಅವನ ಬಾಯೊಳಗಿನ ಹುಳುಕನ್ನೂ ಹೊಗಳಿದ.
ಎಲ್ಲ ಕಾರು ಹತ್ತುವಾಗ ಬಂದು ನನ್ನ ಪಕ್ಕ ಕೂತ:
"ಯತೀ, ಅದು ಏಳಲ್ವೇನೋ?"
ನಾನು ಲೋಟ ಅವನತ್ತ ಸರಿಸಿದೆ:
"ಆರುತ್ತೆ. ಕಾಫಿ ಕುಡಿ."

ಈ ಜನವರಿ ತಂಬಿಗೆ ಮತ್ತೆ ಬಂತು, ಫಳಫಳ.
ಕಂಠದ ಕೆಳಗೆ ಉಳಿದಿದ್ದ ಒಂದಿಷ್ಟು ಜಾಗದಲ್ಲಿ
ಸಂಪಂಗಿ ಎಂದು ಕೆತ್ತಿದೆ,
ಪಕ್ಕದಲ್ಲಿ, ಸಾಸಿವೆಯಷ್ಟು, ಒಂದು ೭.
ಇದೇನೋ ಇದು? ತಾಜುದ್ದೀನ್ ಕನ್ನಡಕ ಏರಿಸಿದ.
"ಕೆತ್ತುವವನ ಕೈ ಜಾರಿತು ಕಣಯ್ಯ."

ಏಳುಮಲೈ ಚೀಲದ ಪಟ್ಟಿ ಬಿಗಿಯುತ್ತಿದ್ದ, ತುಂಬಾ ಹೊತ್ತು.
ನಾನು ಕಲ್ಲುಬೆಂಚಿನಲ್ಲಿ ಬಗ್ಗಿ
ಕಟ್ಟಿದ ಲೇಸನ್ನೇ ಮತ್ತೆ ಕಟ್ಟುತ್ತಿದ್ದೆ.
ಸಂಪಂಗಿ ಬಂದು ಭುಜ ತಟ್ಟಿದ:
ಏಳಯ್ಯಾ, ಏಳು,
ನಿನ್ನ ಸರದಿ.