ಕಡ ತಂದ ಕಿವಿ

ಲಾರಿಯಿಂದ ಇಳಿಸಿದಾಗ ಅದಕ್ಕೆ ಬಾಗಿಲಿರಲಿಲ್ಲ.
ಸಂಡೂರಿನ ಗೋದಾಮಿನಲ್ಲಿ ಮೂವತ್ತು ವರ್ಷ
ಕೋಳಿಗಳು ಕಾವಿಗೆ ಕೂತ ಸೀಟು,
ಎಂಜಿನ್ನಿನ ಸಂದಿಗೊಂದಿಯಲ್ಲೆಲ್ಲ ಅದಿರಿನ ಕೆಂಪು.
ಎಂ.ಜಿ., ಐವತ್ತೊಂದರ ಮಾಡೆಲ್ಲು, ಇಬ್ಬರಿಗಷ್ಟೇ ಜಾಗ.
ಕೌಲ್ ಬಜಾರಿನ ನನ್ನ ಶೆಡ್ಡಿನ ಮುಂದೆ ನಿಂತು
ಚಹಾದಂಗಡಿ ಪೆನ್ನಯ್ಯ ಕೇಳಿದ:
"ಇದರ ಟ್ರಾಲಿ ಎಲ್ಲಿ, ಗಾದಿಲಿಂಗಣ್ಣಾ?"

ಬಣ್ಣ ಕೆರೆದೆ. ಮೇಲೆ ಬಿಳಿ, ಯಾರದೋ ಮೆರವಣಿಗೆಯದು,
ಹೂವಿನ ದಾರ ಇನ್ನೂ ಬಾನೆಟ್ಟಿನ ಕೀಲಿನಲ್ಲಿ.
ಅದರಡಿ ನೀಲಿ. ಅದರಡಿ ಕಪ್ಪು,
ಬ್ರಶ್ಶಿನಲ್ಲಿ ಬಳಿದದ್ದು, ಬ್ರಶ್ಶಿನ ಕೂದಲ ಸಮೇತ.
ಎಲ್ಲಕ್ಕೂ ಕೆಳಗೆ ಬಾಟಲಿ ಹಸಿರು,
ಉಗುರಿನಷ್ಟು.

ತಗಡು ಕಿತ್ತರೆ ಒಳಗೆ ಮರದ ಎಲುಬು,
ಗೆದ್ದಲು ತಿಂದು ಬಿಟ್ಟ ಸೀಮೆಯ ಮರ.
ಕಿನ್ನಾಳದಿಂದ ವೆಂಕೋಬಣ್ಣ ಬಂದ
ಗೊಂಬೆ ಕೆತ್ತುವ ಉಳಿಗಳನ್ನು ಪಂಚೆಯಲ್ಲಿ ಸುತ್ತಿಕೊಂಡು.
ಮೂರು ದಿನ ಬರೀ ಅಳೆದ, ರಟ್ಟಿನಲ್ಲಿ ಅಚ್ಚು ಕತ್ತರಿಸಿದ.
"ಗೊಂಬಿ ಕುಂದರ್ತೈತಿ, ಇದು ಓಡಬೇಕು.
ಜಾಲೀನೇ ಬೇಕು" ಅಂದ,
ಬಂಡಿ ಗಾಲಿಗೆ ಹಾಕುವಂಥ ಜಾಲಿ.
ಬಾಗಿಲ ಕಂಬದ ಒಳಮೈಗೆ, ತಗಡು ಮುಚ್ಚುವ ಮೊದಲು,
ಒಂದು ಗಿಳಿ ಕೆತ್ತಿದ್ದಾನೆ.
ಮಾಲಕರಿಗೆ ಹೇಳಿಲ್ಲ.

ನಟ್ಟುಗಳದೂ ಬೇರೆ ಜಾತಿ,
ಹನ್ನೆರಡರ ಪಾನಾ ಜಾರುತ್ತದೆ, ಹನ್ನೊಂದರದು ಕೂರುವುದೇ ಇಲ್ಲ.
ಗುಂತಕಲ್ಲಿನ ರೈಲ್ವೆ ಫಿಟ್ಟರೊಬ್ಬರ ಮನೆಯಿಂದ
ಇಂಚಿನ ಪಾನಾಗಳ ಚೀಲ ಕಡ ತಂದೆ.
ತಿರುಗಿ ಕೊಡಲು ಹೋದಾಗ ಅವರೇ ಇರಲಿಲ್ಲ.

ಇದೆಲ್ಲ ಸುಲಭ. ಕಷ್ಟದ್ದು ಬೇರೆ:
ಜೋಡಿ ಕಾರ್ಬುರೇಟರು, ಅಕ್ಕತಂಗಿಯರು,
ಇಬ್ಬರೂ ಸಮ ಉಸಿರೆಳೆಯಬೇಕು.
ರಬ್ಬರ್ ನಳಿಗೆಯ ಒಂದು ತುದಿ ಅವರ ಬಾಯಿಗೆ,
ಒಂದು ತುದಿ ನಮ್ಮ ಕಿವಿಗೆ.
ಹಿಸ್ಸೆನ್ನುವ ಸದ್ದು ಎರಡರಲ್ಲೂ ಒಂದೇ ಆಗುವ ತನಕ
ಸ್ಕ್ರೂ ಒಂದು ಕೂದಲಷ್ಟು ಅತ್ತ, ಅರ್ಧ ಕೂದಲು ಇತ್ತ.
ನನ್ನ ಕಿವಿಗಳನ್ನು ತೋರಣಗಲ್ಲಿನ ಕ್ರಷರಿಗೆ ಕೊಟ್ಟು ಬಂದಿದ್ದೇನೆ,
ಹದಿನಾರು ವರ್ಷ, ದಿನಗೂಲಿಗೆ.
ಸ್ಕ್ರೂಡ್ರೈವರ್ ಕಚ್ಚಿ ಹಲ್ಲಿನಲ್ಲೇ ಬೇರಿಂಗು ತಿಳಿಯಬಲ್ಲೆ;
ಗಾಳಿ ಹಲ್ಲಿಗೆ ಸಿಗುವುದಿಲ್ಲ.

ಶಂಷಾದ್ ಟಾಪಿನ ಕ್ಯಾನ್ವಾಸು ಹೊಲಿದು ತಂದಿದ್ದಳು.
ಪಕ್ಕದ ಓಣಿಯ ಜೀನ್ಸ್ ಯೂನಿಟ್ಟಿನವಳು,
ಜೋಡಿ ಸೂಜಿಯ ಮಷೀನಿನಲ್ಲಿ ದಿನಕ್ಕೆ ಇನ್ನೂರು ಜೇಬು,
ಬೆರಳ ತುದಿ ತೊಳೆದರೂ ನೀಲಿ.
"ಹಿಡಿ" ಅಂದೆ. ನಳಿಗೆ ಕಿವಿಗಿಟ್ಟು
ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದಳು:
"ಈ ಕಡೇದು ಸೀಟಿ ಹೊಡಿಯಾಕ ಮುಂಚಿನ ಕುಕ್ಕರ್ ಐತಿ ಕಾಕಾ.
ಆ ಕಡೇದು... ಬೆಲ್ಟ್ ಜಾರೋ ನನ್ನ ಮಷೀನು."
ತಿರುಗಿಸಿದೆ.
"ಈಗ?"
"ಎರಡಕ್ಕೂ ನೆಗಡಿ."
ತಿರುಗಿಸಿದೆ.
"ಈಗ?"
ಮಾತಾಡಲಿಲ್ಲ. ಕೈ ಎತ್ತಿದಳು, ಬಸ್ಸು ನಿಲ್ಲಿಸುವ ಹಾಗೆ.
ನನಗೇನೂ ಕೇಳಿಸಲಿಲ್ಲ. ಮಡ್‌ಗಾರ್ಡಿನ ಮೇಲೆ
ಅಷ್ಟು ಹೊತ್ತೂ ನಡುಗುತ್ತಿದ್ದ ಚಹಾದ ಗ್ಲಾಸು
ಸುಮ್ಮನಾಗಿತ್ತು, ಕೆನೆ ಸಹ ಮಿಸುಕದೆ.

ಮಾಲಕರು ಮೂಳೆ ಡಾಕ್ಟರು, ಬರಲು ಪುರುಸೊತ್ತಿಲ್ಲ.
ಓಡಿಸದಿದ್ದರೆ ಸೀಲುಗಳು ಒಣಗುತ್ತವೆ,
ಅದಕ್ಕೆ ಭಾನುವಾರ ಬೆಳಿಗ್ಗೆ ಸಿರುಗುಪ್ಪ ರಸ್ತೆಗೆ ನಾವೇ.
ಗೇರು ನನ್ನದು, ಕಿವಿ ಅವಳದು.
ಹಿಂದಿನಿಂದ ಭತ್ತದ ಲಾರಿ ಹಾರನ್ ಹೊಡೆದರೆ
ಭುಜ ತಟ್ಟುತ್ತಾಳೆ, ಎರಡು ಸಲ.
ಹೋದ ವಾರ ಗೇರೂ ಅವಳೇ ಹಾಕಿದಳು.
ಮೂರನೆಯದಕ್ಕೆ ಹಲ್ಲು ಕಿರಿಯಿತಂತೆ,
ನನಗೆ ಪಾದದಲ್ಲಿ ಗೊತ್ತಾಯಿತು.

ಎಣ್ಣೆ ಸೋರುತ್ತದೆ. ಅದನ್ನು ನಿಲ್ಲಿಸಲಾಗಲಿಲ್ಲ,
ಈ ತಳಿಯೇ ಹಾಗೆ.
ರಾತ್ರಿ ಅಡಿಯಲ್ಲಿ ತಟ್ಟೆಯಿಟ್ಟು ಬೆಳಿಗ್ಗೆ ಹನಿ ಎಣಿಸುತ್ತೇವೆ.
ಒಂದೂ ಬೀಳದ ದಿನ ಹೆದರಬೇಕು ಎಂದು ಹೇಳಿಕೊಟ್ಟಿದ್ದೇನೆ.
ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ
ಗೋಡೆಯ ಮೇಲೆ ಬರೆಯುತ್ತಾಳೆ:
ನಿನ್ನೆ ಏಳು.
ಇವತ್ತು ಐದು.