ಒಂದೇ ಟಿಕೆಟ್ಟು

ಹುಬ್ಬಳ್ಳಿಯ ಟೂರಿನವನು ಹೇಳಿದ:
ನಲವತ್ತು ಜನರ ಗುಂಪು, ಹತ್ತು ದಿನ, ಆರು ದೇಶ,
ಊಟಕ್ಕೆ ನಮ್ಮವನೇ ಅಡುಗೆಯವ.
ನಲವತ್ತು ತಲೆ ಎಣಿಸೀ ಎಣಿಸೀ
ಇಪ್ಪತ್ತಾರು ವರ್ಷ ಕಳೆದವಳು ನಾನು,
ಗದಗ ಡಿಪೋ, ಬಿಲ್ಲೆ ನಂಬರು ಹನ್ನೊಂದು ಅರವತ್ತು.
ಬೇಡಪ್ಪಾ, ಎಂದೆ. ಒಂದೇ ತಲೆ ಸಾಕು. ನನ್ನದು.

ಹಾಗೆ ಬಂದೆ ನ್ಯೂಕ್ಯಾಸಲ್ಲಿಗೆ.
ಯಾಕೆ ಅಲ್ಲಿಗೇ ಅಂದರೆ ಏನು ಹೇಳಲಿ,
ನಕಾಶೆಯಲ್ಲಿ ಹೊಳೆಯೊಂದು ಸಮುದ್ರ ಸೇರುತ್ತಿತ್ತು,
ರೂಮು ಲಂಡನ್ನಿಗಿಂತ ಅಗ್ಗವಿತ್ತು.

ವಿಮಾನ ಇಳಿದಾಗ ಮುದ್ರೆಯವ ಕೇಳಿದ: ಒಬ್ಬರೇನಾ?
ಹೋಟೆಲಿನ ಹುಡುಗಿ, ಕೀಲಿ ಕೊಡುತ್ತ: ಒಬ್ಬರೇನಾ?
ಮೀನು ಕರಿಯುವ ಅಂಗಡಿಯವ ಎದುರಿನ ಕುರ್ಚಿ
ಬೇರೆ ಟೇಬಲಿಗೆ ಎಳೆದುಕೊಂಡು ಹೋಗುತ್ತ, ಅದೇ.
ಸಿಟ್ಟೇನೂ ಬರಲಿಲ್ಲ. ಲಕ್ಷ್ಮೇಶ್ವರದ ಕಡೇ ಬಸ್ಸಿನಲ್ಲಿ
ನಾನೇ ಎಷ್ಟು ಹೆಂಗಸರಿಗೆ ಕೇಳಿಲ್ಲ,
ಬೆರಳ ಸಂದಿಗೆ ನೋಟು ಮಡಚಿಕೊಂಡು.

ಹೊಳೆಯ ಮೇಲೆ ಒಂದರ ಹಿಂದೊಂದು ಸೇತುವೆ.
ದೊಡ್ಡದಕ್ಕೆ ಹಸಿರು ಕಬ್ಬಿಣದ ಕಮಾನು,
ಅದರ ತೊಲೆತೊಲೆಗೂ ಕಡಲಹಕ್ಕಿಯ ಗೂಡು,
ಸಂತೆ ದಿನದ ಬಸ್ಸೇ ಸರಿ:
ಗೇಣು ಜಾಗಕ್ಕೆ ಮೂರು ಸಂಸಾರ, ಎಲ್ಲರದೂ ಒಟ್ಟಿಗೇ ಕೂಗು,
ಕೆಳಗೆ ಹಾಯುವ ಸೂಟಿನವನ ಹೆಗಲಿಗೆ ಹಿಕ್ಕೆ.
‘ಒಳಗ ಸರೀರೀ, ಒಳಗ’
ನಾಲಗೆಯ ತುದಿಗೆ ಬಂದದ್ದನ್ನು ನುಂಗಿ
ಒಬ್ಬಳೇ ನಿಂತು ನಕ್ಕೆ.

ಇಲ್ಲಿಯ ಮುದುಕಿಯರು ಸಿಕ್ಕವರಿಗೆಲ್ಲ ‘ಪೆಟ್’ ಅನ್ನುತ್ತಾರೆ.
ದಾರಿ ಕೇಳಿದರೆ, ಎಡಕ್ಕೆ ಹೋಗು, ಪೆಟ್.
ಚಹಾ ಇಟ್ಟು, ಬಿಸಿ ಇದೆ, ಪೆಟ್.
ನಮ್ಮ ಮಾತಿನಲ್ಲಿ ಅದು ಬೆನ್ನಿಗೆ ಬೀಳುವಂಥದು,
ಬಿದ್ದದ್ದೂ ಇದೆ.
ಇಲ್ಲಿ ಮುದ್ದಂತೆ.
ನಂಬಲು ಎರಡು ದಿನ ಹಿಡಿಯಿತು.

ಜೈತುನಬಿ ಫೋನು: ಪ್ಯಾರಿಸ್ ನೋಡಿದಿ?
ಇಲ್ಲ.
ರೋಮು?
ಇಲ್ಲವೇ, ಹಕ್ಕಿ ನೋಡಿದೆ.
ಅಯ್ಯೋ ನಿನ್ನ ಪಿ.ಎಫ್. ದುಡ್ಡs, ಎಂದಳು.

ಮೂರನೆಯ ದಿನ ಬಸ್ಸು ಹತ್ತಿದೆ.
ಕಂಡಕ್ಟರಿಲ್ಲ. ಗಾಜಿನ ಗೂಡಿನಲ್ಲಿ ಡ್ರೈವರನೇ ಎಲ್ಲಾ.
ಇಳಿಯುವಾಗ ಪ್ರತಿಯೊಬ್ಬರೂ, ಶಾಲೆ ಹುಡುಗರೂ,
ಅವನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ.
ನನಗೆ ಹೇಳಿದವರು ಮೂವರು. ಒಬ್ಬ ಕುಡಿದಿದ್ದ.

ಎಲ್ಲಿಗೆ? ಎಂದ.
ಬಸ್ಸು ಎಲ್ಲಿತನಕ ಹೋಗುತ್ತದೋ ಅಲ್ಲಿತನಕ, ಎಂದೆ.
ಹೇಳಿದ ಮೇಲೆ ತಿಳಿಯಿತು, ಮಾತು ನನ್ನದಲ್ಲ.

ಶಿರಹಟ್ಟಿಯ ರೂಟು. ರಾತ್ರಿ ಎಂಟೂವರೆ.
ಕೈಯಲ್ಲಿ ಚೀಲವಿಲ್ಲ, ಕಾಲಲ್ಲಿ ಒಂದೇ ಚಪ್ಪಲಿ.
‘ಎಲ್ಲೀತನಕ ಹೋಗತೈತಿ ಅಲ್ಲೀತನಕ ಕೊಡ್ರಿ.’
ಕೊಟ್ಟೆ. ಮೂರು ರೂಪಾಯಿ ಚಿಲ್ಲರೆ ಇರಲಿಲ್ಲ,
ಟಿಕೆಟ್ಟಿನ ಬೆನ್ನಿಗೆ ಬರೆದೆ.
ಕಡೇ ಸ್ಟಾಪಿನಲ್ಲಿ ಅವಳು ಕೇಳಲಿಲ್ಲ,
ನಾನು ಲೆಕ್ಕದಲ್ಲಿ ಮುಳುಗಿದ್ದೆ.
ತಲೆ ಎತ್ತಿದಾಗ ಬಾಗಿಲು ತೆರೆದಿತ್ತು, ಹೊರಗೆ ಕತ್ತಲೆ.
ಆ ದಿನದ ಜಮೆಯಲ್ಲಿ ಮೂರು ಹೆಚ್ಚಿಗೆ ಬಂತು.

ಮೇಲಿನ ಮಹಡಿ, ಮುಂದಿನ ಸೀಟು. ಕೂತೆ.
ಬಸ್ಸಿನಲ್ಲಿ ಕೂತು ಹೋಗುವುದು
ಮೊಣಕಾಲಿಗೆ ಇನ್ನೂ ರೂಢಿಯಿಲ್ಲ.
ಚಿಮಣಿ ಹೊತ್ತ ಮನೆಗಳು, ಗೋರಿಗಳ ನಡುವೆ ನಾಯಿ ಆಡಿಸುವವನು,
ಆಮೇಲೆ ಒಮ್ಮೆಲೇ ರಸ್ತೆಯ ತುದಿಗೆ ಸಮುದ್ರ, ಬೂದಿಬಣ್ಣದ್ದು.

ಇಳಿದು ಥ್ಯಾಂಕ್ಸ್ ಹೇಳಿ ಮೈಲಿ ನಡೆದೆ.
ಅಲ್ಲೊಂದು ಬಿಳಿಯ ದೀಪದ ಗೋಪುರ, ನಡುಗಡ್ಡೆಯ ಮೇಲೆ.
ಅದಕ್ಕೆ ಹೋಗುವ ರಸ್ತೆಯನ್ನು ದಿನಕ್ಕೆರಡು ಸಲ
ಕಡಲು ನುಂಗುತ್ತದೆ. ಹೊತ್ತು ಬರೆದ ಬೋರ್ಡೂ ಇದೆ,
ಬಸ್‌ಸ್ಟ್ಯಾಂಡಿನದರ ಹಾಗೆ; ಆದರೆ ಇದು ನಿಜವಾಗಿ ಬರುತ್ತದೆ.

ಅಪ್ಪ, ಮಗಳು, ಬೂಟು ಒದ್ದೆ ಮಾಡಿಕೊಂಡು
ಆಚೆಯಿಂದ ಓಡಿ ಬಂದರು.
ಒಂದು ಫುಲ್ಲು, ಒಂದು ಹಾಫು.
ಹಿಂದೆ ಯಾರೂ ಉಳಿದಿಲ್ಲವೇ ಎಂದು
ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ,
ಈ ಸಲ ಸರಿಯಾಗಿ, ಎರಡು ಸಲ ನೋಡಿದೆ.

ಆಮೇಲೆ ಮೆಲ್ಲಗೆ ‘ರೈಟ್’ ಅಂದೆ.
ನೀರು ಹೊರಟಿತು.