ಮುದ್ರೆ ಬೀಳದ ಅಳತೆ

ಇಪ್ಪತ್ತೇಳು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿದವನು ನಾನು.
ತೂಕದ ಬಟ್ಟಿನ ಹೊಟ್ಟೆಯ ಕುಳಿಯಲ್ಲಿ ಸೀಸ ಕುಟ್ಟಿ
ವರ್ಷ, ತ್ರೈಮಾಸಿಕ, ನನ್ನ ಸಂಖ್ಯೆ ಕೊರೆದು
ಇದು ಒಂದು ಕಿಲೋ ಎಂದು ನಾನು ಹೇಳಿದ ಮೇಲೆಯೇ
ಅದು ಒಂದು ಕಿಲೋ.

ದೇವರಾಜ ಮಾರುಕಟ್ಟೆಯ ಮುಂದೆ ನಮ್ಮ ಜೀಪು ನಿಂತರೆ
ಬಾಳೆಹಣ್ಣಿನ ಸಾಲು ಮಾತು ನಿಲ್ಲಿಸುತ್ತದೆ,
ಕುಂಕುಮದ ಗುಡ್ಡೆಗಳ ಹಿಂದೆ
ಯಾರೋ ಏನನ್ನೋ ಗೋಣಿಯಡಿ ತಳ್ಳುತ್ತಾರೆ.
ಹೂವಿನ ಸಾಲು ಮಾತ್ರ ಅಲ್ಲಾಡುವುದಿಲ್ಲ.
ಅಲ್ಲಿ ಮೊಳ.
ಮೊಳಕ್ಕೆ ಎಲ್ಲಿ ಸೀಸ ಕುಟ್ಟಲಿ?

ನಿಂಗಾಜಮ್ಮನ ಮೊಳ ನನಗೆ ಗೊತ್ತು.
ಮೊಣಕೈಯಿಂದ ನಡುಬೆರಳ ತುದಿ, ಅಷ್ಟೇ ಶಾಸ್ತ್ರ.
ಆದರೆ ಹೊಸ ಸೊಸೆಯ ಜಡೆಗೆಂದರೆ ಬೆರಳು ನೀಡಿಕೊಳ್ಳುತ್ತದೆ,
ಚೌಕಾಸಿಯವರಿಗೆ ಮೊಣಕೈ ಕೊಂಚ ಮುಂದೆ ಸರಿಯುತ್ತದೆ,
ಹೆಣಕ್ಕೆ ಹೂ ಕೇಳಿದವರಿಗೆ
ಅಳೆಯುವುದೇ ಇಲ್ಲ, ಕುಕ್ಕೆಗೆ ಕೈಹಾಕಿ ಬಂದಷ್ಟು.
“ಇದ್ಯಾವ ಲೆಕ್ಕ ನಿಂಗಾಜಮ್ಮ?”
“ಕೈ ನಂದಲ್ವಾ ಸ್ವಾಮಿ, ಅದಕ್ಕೂ ಕಣ್ಣದೆ.”

ನಕ್ಕಿದ್ದೆ. ಅಳತೆಗೆ ಎದುರಿನವರ ಮುಖ ಕಾಣಬಾರದು
ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ದೊಡ್ಡ ಗಡಿಯಾರದ ಬುಡದಲ್ಲಿ ಕಡಲೆಕಾಯಿ ಮಾರುವ ಮಾದಶೆಟ್ಟಿ
ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿದ್ದ.
ಎರಡು ಸಾವಿರ ದಂಡ ಬರೆದೆ. ಅಕ್ಷರ ದುಂಡಗೆ ಬಂದವು.
ಅದೇ ವಾರ ಅಶೋಕ ರಸ್ತೆಯ ಚಿನ್ನದಂಗಡಿಯಲ್ಲಿ
ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ
ಎಳ್ಳಿನಷ್ಟು ವಾಲಿದ್ದನ್ನು ಕಂಡೂ
ಬಾದಾಮಿ ಹಾಲು ಕುಡಿದು ಮುದ್ರೆ ಒತ್ತಿ ಬಂದೆ.
ಲಂಚ ಮುಟ್ಟಲಿಲ್ಲ.
ಮುಟ್ಟಿದ್ದರೆ ನನಗೊಂದು ಕಾರಣವಾದರೂ ಇರುತ್ತಿತ್ತು.
ಒಳಗೆ ತಂಪಿತ್ತು, ಕುರ್ಚಿ ಮೆತ್ತಗಿತ್ತು,
ಅವರು ಎದ್ದು ನಿಂತು ‘ಸಾರ್’ ಅಂದರು. ಅಷ್ಟೇ.

ಕಚೇರಿಯಲ್ಲಿ ಗಾಜಿನ ಗಂಟೆಯಡಿ ನಮ್ಮ ಮೂಲ ಬಟ್ಟು ಇದೆ.
ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರೂ ತೂಗುತ್ತದೆ.
ಅದನ್ನೂ ಆಗಾಗ ಇನ್ನೊಂದರ ಎದುರು ಕೂರಿಸುತ್ತೇವೆ,
ಆ ಇನ್ನೊಂದನ್ನು ಮತ್ತೊಂದರ ಎದುರು.
ಕಟ್ಟಕಡೆಯದು ಯಾರ ಎದುರು ಕೂರುತ್ತದೆ
ಎಂದು ಕೇಳಿದ್ದಕ್ಕೆ ಹಿಂದಿನ ಸಾಹೇಬರು
“ಊಟಕ್ಕೆ ಹೋಗೋಣ ನಡೀರಿ” ಅಂದಿದ್ದರು.

ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೊರಟವರ ನೂಕುನುಗ್ಗಲು,
ಹೂವಿನ ರೇಟು ಬೆಂಕಿ.
ನಿಂಗಾಜಮ್ಮನಿಗೆ ಜ್ವರ. ಅವಳ ಜಾಗದಲ್ಲಿ ಮೊಮ್ಮಗಳು ಸಿಂಚನ,
ನಾಲ್ಕನೇ ಕ್ಲಾಸು, ಕೈಯೋ ಹುರುಳಿಕಾಯಿ.
ಆ ಕೈಯ ಮೊಳಕ್ಕೂ ಅಜ್ಜಿಯದೇ ರೇಟು.
ಸಿಕ್ಕಿಬಿದ್ದಳು ಎಂದುಕೊಂಡು ಕಂಬದ ಮರೆಗೆ ನಿಂತೆ.

ಹುಡುಗಿ ಮೊಣಕೈಯಿಂದ ಬೆರಳ ತುದಿಗೆ ಮಾಲೆ ಹಿಡಿದಳು.
ತಡೆದಳು.
ತುದಿಯಾಚೆಗಿನ ಬರಿ ಗಾಳಿಯನ್ನು ನೋಡಿದಳು.
ಅಲ್ಲಿಗೂ ಅಷ್ಟು ಮಾಲೆ ಬಿಟ್ಟು
ಉಗುರಿನಿಂದ ನಾರು ಚಿವುಟಿದಳು.
ಯಾರೂ ಕೇಳಿರಲಿಲ್ಲ. ಕೊಳ್ಳುವಾಕೆ ಫೋನಿನಲ್ಲಿದ್ದಳು.

ಹತ್ತಿರ ಹೋದೆ. ಎಷ್ಟು ಬಿಡಬೇಕೆಂದು ಹೇಳಿಕೊಟ್ಟವರಾರು?
“ಯಾರೂ ಇಲ್ಲ. ಅಜ್ಜಿ ಬೆರಳು ಇಲ್ಲೀಗಂಟ ಬರ್ತದೆ”
ಎಂದು ಗಾಳಿಯಲ್ಲೊಂದು ಜಾಗ ಮುಟ್ಟಿ ತೋರಿಸಿದಳು.
“ಕಾಣಲ್ವಾ?”

ಒಂದು ಮೊಳ ಕಾಕಡ ಕೊಂಡು ಮನೆಗೆ ಬಂದೆ.
ಹೆಂಡತಿ ತನ್ನ ಕೈಗೆ ಹಿಡಿದು ನೋಡಿ
“ಎರಡು ಬೆರಳು ಕಮ್ಮಿ, ನಿಮಗೇ ಟೋಪಿ ಹಾಕವ್ರೆ” ಅಂದಳು.
ನಾನೇನೂ ಹೇಳಲಿಲ್ಲ.

ಊಟವಾದ ಮೇಲೆ ಮೇಜಿನ ಮೇಲೆ ಕೈ ಚಾಚಿ ಇಟ್ಟೆ.
ಬೆರಳ ತುದಿಯಾಚೆ ನೀರಿನ ಲೋಟ, ಸಾರಿನ ಕಲೆ.
ನಮ್ಮಪ್ಪನ ಕೈ ಎಲ್ಲೀಗಂಟ ಬರುತ್ತಿತ್ತು?
ಎಷ್ಟು ಹೊತ್ತು ನೋಡಿದರೂ ನೆನಪಾದದ್ದು
ಮುಂಗೈಯ ಮೇಲೆ ಗಡಿಯಾರದ ಪಟ್ಟಿ ಬಿಟ್ಟ
ಬಿಳಿ ಗುರುತು ಮಾತ್ರ.

ನಾಳೆ ಅಶೋಕ ರಸ್ತೆಗೆ ಹೋಗಬೇಕು.
ಹೋಗುತ್ತೇನೆಂದು ಬರೆದುಕೊಡಲಾರೆ.
ದೀಪ ಆರಿಸಲು ಬಂದವಳು ಕೇಳುತ್ತಿದ್ದಾಳೆ,
ಕೈಗೇನಾಯ್ತು ಎಂದು.